ಬಯಕೆ ಊಟಕ್ಕೆ ಇಟ್ಟ ನೀರು

ಒಂದು ಲೋಟ ನೀರಿನ ದೆಸೆಯಿಂದ ನಮ್ಮ ಪಕ್ಕದ ಮನೆಯ ಕ್ಷೀರೋದಾ ಬೀಗರ ಮೇಲೆ ಮುನಿಸಿಕೊಂಡಳು. ಮಗ ಪರಿತೋಷನ ಮದುವೆ ಮುಗಿದು, ಹೊಸ ಸೊಸೆ ತನ್ನ ಕೈಯಾರೆ ನೆಂಟರಿಷ್ಟರಿಗೆಲ್ಲ ಅನ್ನ ಬಡಿಸುವ ದಿನ ಅದು. ಕಡಲಂಚಿನ ನಮ್ಮೂರಿಗೆ, ಸಿಹಿನೀರಿನ ಸೀಮೆಯಾದ ಜಶೋರ್ ಕಡೆಯಿಂದ ಹೆಣ್ಣಿನವರು ಬಂದಿದ್ದರು. ಸೊಸೆ ತಪತಿಯ ಸೋದರತ್ತೆ ಹೇಮಲತಾ ದೋಣಿಯಿಂದ ಇಳಿದವಳೇ ನೀರು ಕೇಳಿದಳು. ಕೊಟ್ಟ ನೀರನ್ನು ಬಾಯಿಗೆ ಹಾಕಿಕೊಂಡು, ನುಂಗಲಾರದೆ, ಅಂಗಳದ ಮೂಲೆಗೆ ಹೋಗಿ ಉಗುಳಿದಳು.

"ಇದೇನು ನೀರೋ, ಉಪ್ಪಿನಕಾಯಿ ಜಾಡಿ ತೊಳೆದದ್ದೋ? ನಮ್ಮ ಹುಡುಗಿ ಇದನ್ನ ಕುಡ್ಕೊಂಡು ಬದುಕ್ಬೇಕಾ?" ಎಂದು ಎಲ್ಲರ ಮುಂದೆ ಕೇಳಿದಳು.

ಜನ ನಕ್ಕರು. ಕ್ಷೀರೋದಾ ನಗಲಿಲ್ಲ. ಅವಳು ಮದುವೆಯಾಗಿ ಬಂದ ಕಾಲಕ್ಕೆ ಆ ಮನೆಯ ಹಿಂದಿನ ಕೊಳದ ನೀರು ಮಾಘ ಮಾಸದವರೆಗೂ ಸಿಹಿಯಾಗಿಯೇ ಇರುತ್ತಿತ್ತು. ಆಮೇಲೆ ಸಮುದ್ರ ಏರುತ್ತ ಬಂತು. ದೊಡ್ಡ ಬಿರುಗಾಳಿಯ ವರ್ಷ ನದಿಯ ಒಡ್ಡು ಒಡೆದು ಕೊಳಕ್ಕೆ ಉಪ್ಪು ನುಗ್ಗಿತು, ಮತ್ತೆ ಅದು ಸಿಹಿಯಾಗಲೇ ಇಲ್ಲ. ಕೈಪಂಪಿನ ನೀರೂ ವರ್ಷ ವರ್ಷಕ್ಕೆ ಸವಳಾಯಿತು. ಭತ್ತ ಬೆಳೆಯುತ್ತಿದ್ದ ಗದ್ದೆಗಳಲ್ಲಿ ಈಗ ಸೀಗಡಿ ಸಾಕುತ್ತಾರೆ. ಇದಕ್ಕೆಲ್ಲ ಕ್ಷೀರೋದಾ ಏನು ಮಾಡಿಯಾಳು? ಆದರೆ ಉಗುಳಿಸಿಕೊಂಡವಳು ಅವಳೇ. ಸಮುದ್ರದ ಮೇಲೆ ಯಾರೂ ಉಗುಳುವುದಿಲ್ಲ.

ತಪತಿಗೂ ಮೊದಮೊದಲು ಆ ನೀರು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾದಿನಿ ಅಣಿಮಾ, ಕಾಲೇಜು ಮುಗಿಸಿ ಮನೆಯಲ್ಲಿದ್ದ ಹುಡುಗಿ, ಅತ್ತಿಗೆಯನ್ನು ಬೌದಿ ಎಂದು ಕರೆದು ರೇಗಿಸುತ್ತಿದ್ದಳು. "ಒಂದು ವರ್ಷ ತಡಿ ಬೌದಿ, ಆಮೇಲೆ ತವರಿನ ನೀರೇ ನಿಂಗೆ ಸಪ್ಪೆ ಅನ್ಸುತ್ತೆ." ವರ್ಷ ಕಳೆಯುವ ಹೊತ್ತಿಗೆ ತಪತಿ ಮುಖ ಸಿಂಡರಿಸದೆ ಕುಡಿಯತೊಡಗಿದ್ದಳು. ಇದನ್ನು ಕಂಡು ಮನೆಯವರೆಲ್ಲ ಖುಷಿಪಟ್ಟರು.

ಆ ಸಲ ಮಳೆ ಕಾರ್ತಿಕ ಬರುವ ಮುಂಚೆಯೇ ನಿಂತುಹೋಯಿತು. ಹಾಗಿದ್ದರೂ ಕ್ಷೀರೋದಾಳ ದೊಡ್ಡ ಗುಡಾಣ ಕಂಠದವರೆಗೆ ತುಂಬಿತ್ತು. ತಗಡಿನ ಸೂರಿನಿಂದ ಬಿದಿರಿನ ದಬ್ಬೆಯಲ್ಲಿ ಇಳಿದು ಬಂದ ಮಳೆನೀರು. ಮೇಲೆ ತೆಳುಬಟ್ಟೆ, ಅದರ ಮೇಲೆ ಮರದ ಮುಚ್ಚಳ. ಪಕ್ಕದಲ್ಲಿದ್ದ ಚಿಕ್ಕ ಗುಡಾಣದ ನೀರು ಪುಷ್ಯಕ್ಕೇ ಮುಗಿಯಿತು. ದೊಡ್ಡದನ್ನು ತೆರೆಯುವ ಹೊತ್ತಿಗೆ ಸರಿಯಾಗಿ ತಪತಿ ಬಸುರಿ ಎಂದು ಗೊತ್ತಾಯಿತು.

ಕ್ಷೀರೋದಾ ಸಂತೋಷದಿಂದ ನಮ್ಮ ಮನೆಗೂ ಬಂದು ಬತಾಸು ಹಂಚಿದಳು. ಅವತ್ತೇ ಅವಳ ತಲೆಯಲ್ಲಿ ಲೆಕ್ಕ ಶುರುವಾಗಿರಬೇಕು. ಏಳನೇ ತಿಂಗಳಿಗೆ ಸಾಧ ಮಾಡಬೇಕು. ಸಾಧವೆಂದರೆ ಬಸುರಿಗೆ ಹೊಸ ಸೀರೆ ಉಡಿಸಿ, ಅವಳು ಬಯಸಿದ್ದನ್ನೆಲ್ಲ ಬಡಿಸುವ ಊಟ. ತವರಿನವರು ಬರುತ್ತಾರೆ. ಹೇಮಲತಾ ಬಂದೇ ಬರುತ್ತಾಳೆ. ಅದು ಜ್ಯೇಷ್ಠ ಮಾಸಕ್ಕೆ ಬೀಳುತ್ತದೆ; ಊರಿನಲ್ಲಿ ಯಾರ ಮನೆಯಲ್ಲೂ ಒಂದು ತೊಟ್ಟು ಸೀನೀರು ಇರದ ಕಾಲ.

"ಆ ದಿನ ಅವರಿಗೆ ಕುಡಿಯೋಕೆ ಮಳೆನೀರು, ಬೇಳೆಗೆ ಮಳೆನೀರು, ಪಾಯಸಕ್ಕೂ ಮಳೆನೀರು," ಎಂದು ನನಗೆ ಹೇಳಿದಳು. "ಆ ಯಮ್ಮನ ಬಾಯಲ್ಲೇ ಹೇಳಿಸ್ತೀನಿ, ನಮ್ಮೂರ ನೀರಿನ ಹಾಗೇ ಇದೆ ಅಂತ."

ಗುಡಾಣ ತೆರೆಯಲಿಲ್ಲ. ಮನೆಮಂದಿಯೆಲ್ಲ ಕೈಪಂಪಿನ ನೀರಿಗೆ ಇಳಿದರು. ಇದನ್ನೂ ಹೇಳಿಬಿಡಬೇಕು: ಕ್ಷೀರೋದಾ ತಾನು ಬೇರೆ ನೀರು ಕುಡಿಯಲಿಲ್ಲ, ಮಗಳಿಗೂ ಕೊಡಲಿಲ್ಲ. ಸೊಸೆಗೊಂದು ಮಗಳಿಗೊಂದು ಮಾಡುವ ಹೆಂಗಸಲ್ಲ ಅವಳು.

ಫಾಲ್ಗುಣದಲ್ಲಿ ಒಡ್ಡಿನ ಮೇಲಿನ ಶಾಲೆಗೆ ಆರೋಗ್ಯದ ಕೆಲಸದ ಶಾಹಿದಾ ಬಂದಳು, ಊರವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುವವಳು. ತಪತಿಯ ತೋಳಿಗೆ ಪಟ್ಟಿ ಸುತ್ತಿ ನೋಡಿ, ರಕ್ತದೊತ್ತಡ ಸ್ವಲ್ಪ ಏರಿದೆ, ಊಟಕ್ಕೆ ಮೇಲುಪ್ಪು ಬೇಡ, ಈ ಕಡೆಯ ನೀರಿನಲ್ಲೇ ಉಪ್ಪು ಜಾಸ್ತಿ, ಆದಷ್ಟು ಮಳೆನೀರನ್ನೇ ಕುಡಿಸಿ ಎಂದಳು. ಕ್ಷೀರೋದಾ ತಲೆಯಾಡಿಸಿದಳು. ದಾರಿಯುದ್ದಕ್ಕೂ ಅದೇ ಯೋಚನೆ. ಮನೆಗೆ ಬಂದವಳೇ ದೊಡ್ಡ ಪಾತ್ರೆಯಲ್ಲಿ ಕೈಪಂಪಿನ ನೀರು ತುಂಬಿ ಒಲೆಯ ಮೇಲಿಟ್ಟಳು.

ಇದಕ್ಕೆ ಕಾರಣವಿತ್ತು. ಒಡ್ಡು ಒಡೆದ ವರ್ಷ ಪರಿಹಾರದವರು ದೋಣಿಯಲ್ಲಿ ಮೈಕ್ ಕಟ್ಟಿಕೊಂಡು ಬಂದು, ನೀರು ಕುದಿಸಿ ಕುಡಿಯಿರಿ ಎಂದು ಸಾರಿಕೊಂಡು ಹೋಗಿದ್ದರು. ಅವಳು ಕುದಿಸಿದಳು. ಆಚೆ ಕೇರಿಯಲ್ಲಿ ವಾಂತಿಭೇದಿಗೆ ಹೆಣ ಬಿದ್ದವು. ಅವಳ ಮನೆಯಲ್ಲಿ ಪುಟ್ಟ ಪರಿತೋಷನಿಗೆ ಹೊಟ್ಟೆನೋವೂ ಬರಲಿಲ್ಲ. ಅಂದಿನಿಂದ ಕುದಿಸಿದ ನೀರೆಂದರೆ ಅವಳಿಗೆ ಮದ್ದಿನ ಸಮಾನ. ಕೆಟ್ಟ ನೀರನ್ನು ಒಳ್ಳೆಯದು ಮಾಡುವುದು ಹೇಗೆಂದು ಅವಳಿಗೆ ಗೊತ್ತಿತ್ತು. ನಮಗೆಲ್ಲ ಗೊತ್ತಿದ್ದದ್ದೂ ಅಷ್ಟೇ.

ಅಲ್ಲಿಂದ ದಿನವೂ ಅನ್ನಕ್ಕಿಡುವ ಮುಂಚೆ ಸೊಸೆಯ ನೀರು ಒಲೆಗೆ ಏರುತ್ತಿತ್ತು. ಸೌದೆ ಸಿಗದ ಊರು ನಮ್ಮದು. ಮಾವ ಗುರುಪದ, ಬಲೆ ಹೆಣೆಯುತ್ತ ಜಗುಲಿಯಲ್ಲಿ ಕೂರುವ ಮನುಷ್ಯ, ನದಿಯಲ್ಲಿ ತೇಲಿಬಂದ ಕಟ್ಟಿಗೆಯನ್ನು ಆಯ್ದು ತರುತ್ತಿದ್ದ. ಕ್ಷೀರೋದಾ ಮೇಲಿಂದ ಮೇಲೆ ಸೌದೆ ದೂಡುತ್ತಿದ್ದಳು. ಪಾತ್ರೆಯ ನೀರು ಒಂದು ಪಾಲು ಇಂಗುವವರೆಗೆ ಕುದಿಸಿ, ಆರಿಸಿ, ಸೋಸಿ ತಪತಿಯ ಬಿಂದಿಗೆಗೆ ತುಂಬುತ್ತಿದ್ದಳು. ಆ ಪಾತ್ರೆ ತಿಕ್ಕುವ ಕೆಲಸ ಅಣಿಮಾಳದು. ತಳದಲ್ಲಿ ಬಿಳೀ ಹಕ್ಕಳೆ ಕಟ್ಟುತ್ತಿತ್ತು. ತೆಂಗಿನ ನಾರಿಗೆ ಬಗ್ಗದೆ, ಚಿಪ್ಪಿನಿಂದ ಕೆರೆಯಬೇಕಾಗುತ್ತಿತ್ತು.

"ನೋಡಮ್ಮ, ಸುಣ್ಣ ಬಳಿದ ಹಾಗಿದೆ," ಎಂದು ಅಣಿಮಾ ಗೊಣಗಿದಳು. "ನನ್ನ ಉಗುರೆಲ್ಲ ಹೋಯ್ತು."

"ಕೊಳೆ ಎಲ್ಲ ತಳಕ್ಕೆ ಕೂತಿದೆ ಅಂತ ಅರ್ಥ," ಎಂದಳು ತಾಯಿ. "ಬೌಮಾ ಹೊಟ್ಟೆಗೆ ಹೋಗೋದು ತಪ್ತಲ್ಲ, ಕೆರಿ." ಸೊಸೆಯನ್ನು ಅವಳು ಬೌಮಾ ಎಂದೇ ಕರೆಯುತ್ತಿದ್ದಳು.

ಚೈತ್ರದ ಬಿಸಿಲಿಗೆ ಬಾಯಾರಿಕೆ ಹೆಚ್ಚಿತು. ತಪತಿ ಬಿಂದಿಗೆಯ ಮೇಲೆ ಬಿಂದಿಗೆ ಕುಡಿದಳು, ಕುಡಿದಷ್ಟೂ ಬಾಯಾರುತ್ತಿತ್ತು. ಬೆಳಿಗ್ಗೆ ತಂಗಳನ್ನಕ್ಕೆ ಕೂತರೆ ತಲೆನೋವೆಂದು ಅರ್ಧಕ್ಕೆ ಏಳುತ್ತಿದ್ದಳು. ಪಾದಗಳು ಊದಿಕೊಂಡವು. ಮದುವೆಯಲ್ಲಿ ಸಡಿಲವಾಗಿ ಜಾರುತ್ತಿದ್ದ ಶಂಖದ ಬಳೆ ಈಗ ಮುಂಗೈಗೆ ಕಚ್ಚಿಕೊಂಡು ತಿರುಗಿಸಿದರೂ ತಿರುಗದು. ಕ್ಷೀರೋದಾ ಅದನ್ನು ನಮಗೆಲ್ಲ ಕರೆದು ತೋರಿಸಿದಳು. "ಕಡ್ಡಿ ಹಾಗೆ ಬಂದಿದ್ದಳು, ಈಗ ನೋಡಿ, ಬಳೆ ತುಂಬ ಕೈ. ಇವಳ ಸೋದರತ್ತೆ ಬರಲಿ, ನಮ್ಮ ಮನೆ ನೀರು ಮೈಗೆ ಹತ್ತಿದೆಯೋ ಇಲ್ಲವೋ ಹೇಳಲಿ." ನಾವೂ ಹೌದೆಂದೆವು. ಬಸುರಿಯ ಮೈ ತುಂಬಿದ್ದನ್ನು ಕಂಡು ಯಾರು ತಾನೇ ಬೇಡವೆನ್ನುತ್ತಾರೆ.

ಪರಿತೋಷ ಸೀಗಡಿ ಕೊಳದ ಕಾವಲಿಗೆ ಹೋಗುತ್ತಿದ್ದವನು. ಅವನಿಗೆ ಮಾತ್ರ ಹೆಂಡತಿಯ ಮುಖ ಸರಿಕಾಣಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಮಾತು ತೆಗೆದ. ಅರ್ಧ ಬೆಂದ ಬೇಳೆ, ಟೆಂಗ್ರಾ ಮೀನಿನ ಸಾರು. ನಮ್ಮ ನೀರಿನಲ್ಲಿ ಬೇಳೆ ಎಷ್ಟು ಕುದಿಸಿದರೂ ಕರಗುವುದಿಲ್ಲ.

"ಅಮ್ಮ, ಬಜಾರಿಂದ ಡ್ರಮ್ ನೀರು ತರ್ತೀನಿ. ಇವಳೊಬ್ಬಳಿಗೆ."

"ಮನೇಲಿ ಗುಡಾಣ ತುಂಬ ಇಟ್ಕೊಂಡು ಹೊರಗಿಂದ ಕೊಳ್ಳೋದಾ? ನೋಡಿದೋರು ಏನಂತಾರೆ?"

"ಹಂಗಾದ್ರೆ ಗುಡಾಣದ್ದೇ ಕೊಡು."

"ಕೊಡದೆ ಏನು, ಸಾಧ ಮುಗೀಲಿ. ಪೂರ್ತಿ ಅವಳಿಗೇ ಬಿಟ್ಟುಬಿಡ್ತೀನಿ. ಅಲ್ಲಿವರೆಗೆ ಕುದಿಸಿ ಕೊಡ್ತಿಲ್ವಾ? ನಿನ್ನ ಬಸುರಿನಲ್ಲಿ ನಂಗ್ಯಾರು ಕುದಿಸಿ ಕೊಟ್ಟಿದ್ರು?"

ಗುರುಪದ ಮೀನಿನ ಮುಳ್ಳು ತೆಗೆಯುತ್ತ ಹೇಳಿದ, "ನೀರಿದೆ, ಕುಡಿಯೋ ಹಾಗಿಲ್ಲ. ಇದ್ದದ್ದಕ್ಕೆಲ್ಲ ಬೀಗ ಹಾಕಿಡೋ ಜಮೀನ್ದಾರರ ಮನೆ ಆಗೋಯ್ತಪ್ಪ ನಮ್ಮದು."

ಎಲ್ಲರೂ ನಕ್ಕರು, ತಪತಿಯೂ ನಕ್ಕಳು. ಮಾತು ಅಲ್ಲಿಗೆ ನಿಂತಿತು. ಆ ನಗು ಬರದೇ ಇದ್ದಿದ್ದರೆ ಪರಿತೋಷ ಇನ್ನೆರಡು ಮಾತು ಜಗಳವಾಡುತ್ತಿದ್ದನೋ ಏನೋ ಎಂದು ಗುರುಪದ ಈಗಲೂ ಹಲುಬುತ್ತಾನೆ.

ವೈಶಾಖದಲ್ಲಿ ಒಂದು ದಿನ ಕ್ಷೀರೋದಾ ಹಟ್ಟಿಗೆ ಹೋಗಿ ಬರುವಷ್ಟರಲ್ಲಿ ಗುಡಾಣದ ಮುಚ್ಚಳದ ಅಂಚು ಒದ್ದೆಯಾಗಿತ್ತು. ಬಟ್ಟೆಯ ಗಂಟು ಬೇರೆ ಥರ ಕಟ್ಟಿತ್ತು. ಅಂಗಳದಲ್ಲಿ ನಿಂತು ಕೇಳಿದಳು.

"ಯಾರು ತೆಗೆದಿದ್ದು?"

"ನಾನೇ," ಎಂದಳು ಅಣಿಮಾ. "ಬೌದಿಗೆ ಒಂದು ಚೊಂಬು ಕೊಟ್ಟೆ. ಕಣ್ಣು ಮಂಜಾಗ್ತಿದೆ ಅಂತ ಗೋಡೆಗೆ ಒರಗಿ ಕೂತಿದ್ಲು. ಏನಾಯ್ತೀಗ?"

"ಇವತ್ತು ಚೊಂಬು, ನಾಳೆ ಬಿಂದಿಗೆ. ಆಮೇಲೆ ಆ ದಿನ ಅವಳ ಸೋದರತ್ತೆ ಬಂದು ಮತ್ತೆ ನನ್ನ ಅಂಗಳದಲ್ಲಿ ಉಗುಳಲಿ."

"ಉಗುಳಿದ್ರೆ ಉಗುಳಲಿ ಬಿಡಮ್ಮ, ನಿನ್ನ ಅಂಗಳ ಸವೆಯುತ್ತಾ?"

ತಾಯಿ ಮಗಳ ನಡುವೆ ದನಿ ಏರಿತು. ಬೇಲಿಯಾಚೆಗೆ ನಮಗೂ ಕೇಳಿಸುವಷ್ಟು. ಆಗ ತಪತಿ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ತನ್ನ ಕಡೆಯವರ ಮಾತಿನಿಂದಲೇ ಇಷ್ಟೆಲ್ಲ ಆದದ್ದೆಂಬ ನಾಚಿಕೆ ಅವಳಿಗೆ ಆ ಮೊದಲ ಊಟದ ದಿನದಿಂದ ಇತ್ತು.

"ತಪ್ಪಾಯ್ತು ಅಮ್ಮ. ಕೇಳಿದ್ದು ನಾನೇ. ಇನ್ನು ಕೇಳಲ್ಲ," ಎಂದಳು.

ಕ್ಷೀರೋದಾಳಿಗೆ ಅಯ್ಯೋ ಅನ್ನಿಸಿತು. ಸೊಸೆಯ ತಲೆಗೆ ಎಣ್ಣೆ ಹಚ್ಚಿದಳು, ಅವತ್ತು ನೀರನ್ನು ಇನ್ನೂ ಹೆಚ್ಚು ಹೊತ್ತು ಕುದಿಸಿದಳು. ಗುಡಾಣದ ಮುಚ್ಚಳದ ಮೇಲೆ ಅರೆಯುವ ಕಲ್ಲನ್ನೂ ಹೇರಿದಳು.

ಶಾಹಿದಾ ಆಪಾ ಮತ್ತೆ ಬಂದಾಗ ರಕ್ತದೊತ್ತಡ ಚೆನ್ನಾಗಿಯೇ ಏರಿತ್ತು. ಮಾತ್ರೆ ಕೊಟ್ಟಳು, ಎರಡು ಮೂರು ದಿನದೊಳಗೆ ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಗಟ್ಟಿಯಾಗಿ ಹೇಳಿದಳು. ಯಾವ ನೀರು ಕುಡಿಯುತ್ತೀಯ ಎಂದೂ ಕೇಳಿದಳು. ಅತ್ತೆ ಪಕ್ಕದಲ್ಲೇ ನಿಂತಿದ್ದಳು. ಅಮ್ಮ ನನಗೆ ಬೇರೆಯಾಗಿಯೇ ಒಳ್ಳೆಯ ನೀರು ಕೊಡುತ್ತಾರೆ ಎಂದಳು ತಪತಿ. ಅದು ಸುಳ್ಳಾಗಿರಲಿಲ್ಲ, ಅವರಿಬ್ಬರ ಪಾಲಿಗೆ. ಆಸ್ಪತ್ರೆಗೆ ಸಾಧ ಮುಗಿದ ಮಾರನೇ ದಿನ ಹೋಗುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಊಟಕ್ಕೆ ವಾರವೂ ಉಳಿದಿರಲಿಲ್ಲ.

ಸೀರೆ ಬಂತು, ಕೆಂಪು ಅಂಚಿನದು. ಗುರುಪದ ದೊಡ್ಡ ಮೀನಿಗೆ ಹೇಳಿಟ್ಟ. ಏನು ತಿನ್ನಬೇಕು ಎಂದು ಅತ್ತೆ ಕೇಳಿದಾಗ ತಪತಿ ಸ್ವಲ್ಪ ಯೋಚಿಸಿ, ನುಣ್ಣಗೆ ಬೆಂದ ಬೇಳೆಸಾರು ಎಂದಳಂತೆ. ಕ್ಷೀರೋದಾ ನಕ್ಕು, ಆಯ್ತು, ಗುಡಾಣದ ನೀರಲ್ಲೇ ಬೇಯಿಸುತ್ತೇನೆ ಎಂದಳಂತೆ.

ಸಾಧಕ್ಕೆ ಎರಡು ದಿನ ಇರುವಾಗ, ಬೆಳಿಗ್ಗೆ, ತಪತಿ ಅಡುಗೆಮನೆಯ ಹೊಸ್ತಿಲಲ್ಲಿ ಸೊಪ್ಪು ಬಿಡಿಸುತ್ತಿದ್ದವಳು ಪಕ್ಕಕ್ಕೆ ವಾಲಿದಳು. ಕೈಕಾಲು ಸೆಟೆದವು, ಹಲ್ಲು ಕಚ್ಚಿಕೊಂಡಿತು. ಗಾಳಿ ಹಿಡಿದಿದೆ, ಮಂತ್ರ ಹಾಕುವ ಓಝಾನನ್ನು ಕರೆಯಿರಿ ಎಂದು ಯಾರೋ ಅಂದರು. ಪರಿತೋಷ ಯಾರ ಮಾತೂ ಕೇಳದೆ ಅವಳನ್ನು ಎತ್ತಿಕೊಂಡು ದೋಣಿ ನಿಲ್ಲುವ ಘಾಟಿಗೆ ಓಡಿದ. ಇಳಿತದ ಹೊತ್ತು, ಕೆಸರಿನಲ್ಲಿ ಮಂಡಿಯವರೆಗೆ ಹೂತು ದೋಣಿ ಹತ್ತಿಸಬೇಕಾಯಿತು. ಕ್ಷೀರೋದಾ, ಅಣಿಮಾ, ನಾನು ಹಿಂದೆಯೇ ಹೋದೆವು. ಕ್ಷೀರೋದಾ ಬರುವಾಗ ಬಿಂದಿಗೆಯಲ್ಲಿ ಕುದಿಸಿ ಆರಿಸಿದ ನೀರನ್ನು ತರುವುದನ್ನು ಮರೆಯಲಿಲ್ಲ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲು ನರ ಸಿಗಲಿಲ್ಲ, ಕೈ ಅಷ್ಟು ಊದಿತ್ತು. ನರ್ಸಮ್ಮ ಶಂಖದ ಬಳೆಯನ್ನು ಕತ್ತರಿಸಲು ಹೋದಳು. ಗಂಡ ಬದುಕಿರುವಾಗ ಶಂಖ ಒಡೆಯಬಾರದು; ಕ್ಷೀರೋದಾ ಅಡ್ಡ ಬಂದಳು. ಪರಿತೋಷ ತಾಯಿಯ ಭುಜ ಹಿಡಿದು ಪಕ್ಕಕ್ಕೆ ಸರಿಸಿ, "ಒಡೀರಿ, ನಾನು ಸತ್ರೂ ಪರವಾಗಿಲ್ಲ," ಎಂದ. ಬಳೆ ಎರಡು ತುಂಡಾಗಿ ನೆಲಕ್ಕೆ ಬಿತ್ತು. ಅದಿದ್ದ ಜಾಗದಲ್ಲಿ ಆಳವಾದ ಗುರುತು ಉಳಿದಿತ್ತು.

ತಪತಿ ಉಳಿದಳು. ಮಗು ಹೊಟ್ಟೆಯಲ್ಲೇ ಹೋಗಿತ್ತು. ಗಂಡುಮಗು.

ಸಂಜೆಗೆ ಡಾಕ್ಟರು, ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಮ್ಮನ್ನು ಕೂರಿಸಿಕೊಂಡು ಕೇಳಿದಳು. ಏನು ಊಟ, ಯಾವ ನೀರು, ಎಷ್ಟು ಕುಡಿಯುತ್ತಿದ್ದಳು. ಕ್ಷೀರೋದಾ ಬಿಂದಿಗೆಯನ್ನು ಮುಂದಕ್ಕೆ ಸರಿಸಿದಳು.

"ಕೈಪಂಪಿಂದೇ, ಆದ್ರೆ ಒಂದು ದಿನಾನೂ ಹಸಿ ನೀರು ಕೊಟ್ಟಿಲ್ಲಮ್ಮ. ನಾನೇ ಕುದಿಸ್ತಿದ್ದೆ, ಚೆನ್ನಾಗಿ ಇಂಗೋವರೆಗೆ."

ಡಾಕ್ಟರು ಬಿಂದಿಗೆಯೊಳಗೆ ಇಣುಕಿ ನೋಡಿದಳು.

"ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಅಮ್ಮ. ಉಪ್ಪು ಎಲ್ಲಿ ಹೋಗುತ್ತೆ? ನೀರು ಇಂಗಿದಷ್ಟೂ ಅದು ಇನ್ನೂ ಗಟ್ಟಿ ಆಗುತ್ತೆ." ಆಮೇಲೆ, ಇದೊಂದೇ ಕಾರಣ ಎಂದು ಖಂಡಿತ ಹೇಳಲಾಗದು, ಸೆಕೆಯೂ ಇತ್ತು, ಬರಲು ತಡವೂ ಆಯಿತು, ಈ ಕಡೆಯಿಂದ ಇಂಥ ಬಸುರಿಯರು ಬಹಳ ಬರುತ್ತಾರೆ ಎಂದು ಸಮಾಧಾನವಾಗಿ ವಿವರಿಸಿದಳು.

ಆ ಸಮಾಧಾನ ಕ್ಷೀರೋದಾಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. ಅವಳು ಮಗಳ ಕಡೆ ತಿರುಗಿದಳು.

"ತಳದಲ್ಲಿ ಕಟ್ತಿತ್ತಲ್ಲ ಅಣಿಮಾ."

"ಹೂಂ ಅಮ್ಮ," ಎಂದಳು ಅಣಿಮಾ. "ದಿನಾ ಕೆರೀತಿದ್ದೆ."

ಸಾಧಕ್ಕೆಂದು ಗೊತ್ತಾಗಿದ್ದ ದಿನ ತಪತಿಯ ತಂದೆಯೂ ಹೇಮಲತಾಳೂ ಸೀದಾ ಆಸ್ಪತ್ರೆಗೇ ಬಂದರು. ಹೇಮಲತಾ ಏನಾದರೂ ಅನ್ನುತ್ತಾಳೆಂದು ಕ್ಷೀರೋದಾ ತಲೆ ತಗ್ಗಿಸಿ ಕಾದಳು. ಅಂದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಆ ಹೆಂಗಸು ಅಂದಿನ ಗತ್ತನ್ನೆಲ್ಲ ಎಲ್ಲಿ ಬಿಟ್ಟು ಬಂದಿದ್ದಳೋ, ಸುಮ್ಮನೆ ಕೂತು ತಪತಿಯ ಬರಿಗೈಯನ್ನು ಸವರುತ್ತಿದ್ದಳು. ತವರಿಗೆ ಕರೆದೊಯ್ಯುತ್ತೇವೆ ಎಂದರು. ಮಳೆ ಹಿಡಿದ ಮೇಲೆ ಬರುತ್ತೇನೆ ಎಂದು ತಪತಿ ಗಂಡನ ಮನೆಗೇ ವಾಪಸಾದಳು.

ಮುಂದಿನ ಮೂರು ವಾರ ಪಕ್ಕದ ಮನೆಯಲ್ಲಿ ಜಗಳವೇ ಕೇಳಿಸಲಿಲ್ಲ. ಅದು ಜಗಳಕ್ಕಿಂತ ಕಷ್ಟ. ಪರಿತೋಷ ಬಜಾರಿನಿಂದ ಡ್ರಮ್ ನೀರು ತಂದು ಹೆಂಡತಿಯ ಹಾಸಿಗೆಯ ಪಕ್ಕ ಇಳಿಸುತ್ತಿದ್ದ, ತಾಯಿಯೊಂದಿಗೆ ಅಕ್ಕಿ, ಎಣ್ಣೆ ಎಂಬಷ್ಟೇ ಮಾತು. ಆ ದೊಡ್ಡ ಪಾತ್ರೆಯನ್ನು ಅಣಿಮಾ ಅಟ್ಟಕ್ಕೆ ಹಾಕಿದಳು. ಗುಡಾಣದ ಹತ್ತಿರ ಯಾರೂ ಸುಳಿಯಲಿಲ್ಲ. ಅದರ ಮೇಲಿನ ಅರೆಯುವ ಕಲ್ಲನ್ನೂ ಇಳಿಸಲಿಲ್ಲ. ಮಸಾಲೆಯನ್ನು ನಮ್ಮ ಮನೆಗೆ ಬಂದು ಅರೆದುಕೊಂಡು ಹೋಗುತ್ತಿದ್ದರು.

ಆಷಾಢ ಹುಟ್ಟಿದ ಮೇಲೆ ದಕ್ಷಿಣದಲ್ಲಿ ಮೋಡ ಕಟ್ಟಿತು. ಹೊಸ ಮಳೆ ಬೀಳುವ ಮುಂಚೆ ಗುಡಾಣದ ಹಳೇ ನೀರು ಚೆಲ್ಲಿ, ಒಳಗೆಲ್ಲ ತಿಕ್ಕಿ, ಬಿಸಿಲಿಗೆ ಒಣಗಿಸಬೇಕು. ಪ್ರತಿ ವರ್ಷ ಅದರ ತಳದಲ್ಲಿ ಕೆಸರಿನ ಜೊತೆ ಒಂದೆರಡು ಚೊಂಬು ನೀರು ಉಳಿದಿರುತ್ತಿತ್ತು. ಈ ಸಲ ಕಂಠದವರೆಗೆ ಇತ್ತು.

"ಇವತ್ತೇ ಬಗ್ಗಿಸಬೇಕು," ಎಂದ ಗುರುಪದ, ಯಾರ ಮುಖವನ್ನೂ ನೋಡದೆ. "ಇಲ್ಲಾಂದ್ರೆ ಹೊಸ ನೀರಿಗೆ ಜಾಗ ಇಲ್ಲ."

ಕ್ಷೀರೋದಾ ತಾನೇ ಕಲ್ಲು ಇಳಿಸಿದಳು, ಬಟ್ಟೆ ಬಿಚ್ಚಿದಳು. ಒಂದು ಲೋಟ ತುಂಬಿಕೊಂಡು ಜಗುಲಿಯಲ್ಲಿ ಕೂತಿದ್ದ ತಪತಿಯ ಹತ್ತಿರ ಹೋದಳು. ನಾನು ಬೇಲಿಯಿಂದ ನೋಡುತ್ತಿದ್ದೆ.

"ಕುಡೀತೀಯಾ ಬೌಮಾ?"

ತಪತಿ ಲೋಟ ತೆಗೆದುಕೊಂಡಳು. ಬರಿಯ ಮುಂಗೈ ತೆಳ್ಳಗಾಗಿತ್ತು, ಗುರುತು ಇನ್ನೂ ಮಾಸಿರಲಿಲ್ಲ. ನಿಧಾನವಾಗಿ ಪೂರ್ತಿ ಕುಡಿದಳು, ಮತ್ತೊಂದು ಕೇಳಿದಳು, ಅದನ್ನೂ ಕುಡಿದಳು. ಕ್ಷೀರೋದಾ ಎದುರಿಗೇ ನಿಂತಿದ್ದಳು.

"ನಮ್ಮೂರ ನೀರಿನ ಹಾಗೇ ಇದೆ, ಅಮ್ಮ," ಎಂದಳು ತಪತಿ. ಕುಟುಕಬೇಕೆಂದು ಹೇಳಿದ ಮಾತಲ್ಲ ಅದು. ನಾಲಿಗೆಗೆ ಹಾಗೆಯೇ ಕಂಡಿತ್ತು, ಹೇಳಿದಳು.

ಆ ಮಾತನ್ನು ಕೇಳಲೆಂದೇ ಇಡೀ ಬೇಸಿಗೆ ಕಾದಿಟ್ಟ ನೀರು. ಕ್ಷೀರೋದಾ ಖಾಲಿ ಲೋಟವನ್ನು ಹಿಡಿದುಕೊಂಡು ಅಲ್ಲೇ ನೆಲಕ್ಕೆ ಕುಸಿದಳು. ಅಣಿಮಾ ಓಡಿಬಂದಳು. ತಪತಿ ಕೈ ಚಾಚಿ ಅತ್ತೆಯ ಸೆರಗನ್ನು ತಲೆಯ ಮೇಲೆ ಸರಿಮಾಡಿದಳು.

ಗುಡುಗು ಹತ್ತಿರವಾಗುತ್ತಿತ್ತು. ಪರಿತೋಷನೂ ಗುರುಪದನೂ ಎರಡೂ ಕಡೆ ಹಿಡಿದು ಗುಡಾಣವನ್ನು ಬಗ್ಗಿಸಿದರು. ನೀರು ಅಂಗಳವನ್ನೆಲ್ಲ ತೋಯಿಸಿಕೊಂಡು, ಹೇಮಲತಾ ಉಗುಳಿದ್ದ ಮೂಲೆಯನ್ನು ಹಾದು, ಹಿತ್ತಲ ಉಪ್ಪು ಕೊಳಕ್ಕೆ ಹರಿದುಹೋಯಿತು.